ಗಾಡಿಗೆ ತೊಡಿಸಿದ ಸ್ವೆಟರು

ನಮ್ಮ ಮನೆಯವರಿಗೆ ಚಳಿ ಎಂದರೆ ಹುಲಿ ಕಂಡಷ್ಟು ಭಯ. ಹೆಸರು ಅನಂತರಾಮ, ಊರು ಚಳ್ಳಕೆರೆ. ವರ್ಷದ ಮುಕ್ಕಾಲು ಪಾಲು ನೆಲ ಸುಡುವ ಆ ಊರಿನಿಂದ ಕೇಂದ್ರ ಸರ್ಕಾರದ ಗುಮಾಸ್ತೆ ಕೆಲಸಕ್ಕೆಂದು ದೆಹಲಿಗೆ ಬಂದು, ಮೊದಲ ಜನವರಿಯಲ್ಲೇ ಹಲ್ಲು ಕಟಕಟ ಅನ್ನಿಸಿಕೊಂಡು, ಅವತ್ತಿನಿಂದ ಚಳಿಯ ಮೇಲೆ ಯುದ್ಧ ಸಾರಿದ ಮನುಷ್ಯ. ದೀಪಾವಳಿ ಮುಗಿದ ಮರುದಿನ ಲೋಧಿ ಕಾಲೋನಿಯ ನಮ್ಮ ಕ್ವಾರ್ಟರ್ಸಿನಲ್ಲಿ ಟ್ರಂಕಿನ ಮುಚ್ಚಳ ತೆರೆಯುತ್ತದೆ. ಮಂಕಿ ಕ್ಯಾಪು, ಮಫ್ಲರು, ಉಣ್ಣೆಯ ಕಾಲುಚೀಲ ಒಂದೊಂದಾಗಿ ಹೊರಗೆ ಬರುತ್ತವೆ. ಪಕ್ಕದ ಮನೆಯ ಪಂಜಾಬಿಗಳು ಇನ್ನೂ ಅರ್ಧ ತೋಳಿನ ಅಂಗಿಯಲ್ಲಿ ತಿರುಗುತ್ತಿರುವಾಗ ಇವರು ಕಣ್ಣು ಮೂಗು ಬಿಟ್ಟು ಮಿಕ್ಕಿದ್ದೆಲ್ಲ ಮುಚ್ಚಿಕೊಂಡು ಹಾಲಿನ ಬೂತಿಗೆ ಹೊರಡುತ್ತಾರೆ. ತಮಗೊಬ್ಬರಿಗೇ ಆಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಇವರು ತಮ್ಮ ಗಾಡಿಗೂ ಸ್ವೆಟರು ಹಾಕುತ್ತಾರೆ.

ತಮಾಷೆಗೆ ಹೇಳುತ್ತಿಲ್ಲ. ಇವರದೊಂದು ನೂರು ಸಿಸಿಯ ಬೈಕು, ಮಗಳು ಲಾವಣ್ಯಾ ಶಾಲೆಗೆ ಸೇರಿದ ವರ್ಷ ಕೊಂಡದ್ದು. ಸೀಟಿನ ಕೆಳಗೆ ಪಕ್ಕದ ಮುಚ್ಚಳ ತೆಗೆದರೆ ಅಲ್ಲೊಂದು ಕಪ್ಪು ಡಬ್ಬಿ. ಅದರ ಮೂತಿಯಿಂದಲೇ ಎಂಜಿನ್ನು ಗಾಳಿ ಎಳೆದುಕೊಳ್ಳುವುದು. ಒಂದು ಚಳಿಗಾಲದ ಬೆಳಗ್ಗೆ ಗಾಡಿ ಸ್ಟಾರ್ಟ್ ಆಗಲು ಸತಾಯಿಸಿತು. ದೆಹಲಿಯ ಜನವರಿಯ ಮಂಜಿನಲ್ಲಿ ಯಾರ ಗಾಡಿ ಸತಾಯಿಸುವುದಿಲ್ಲ ಹೇಳಿ. ಎಲ್ಲರೂ ಚೋಕ್ ಎಳೆದು, ಅಂದರೆ ಒಳಗೆ ಹೋಗುವ ಗಾಳಿ ಕಡಿಮೆ ಮಾಡಿ ಪೆಟ್ರೋಲು ಹೆಚ್ಚು ಕೊಟ್ಟು, ನಾಲ್ಕು ಒದೆ ಒದ್ದು ಹೊರಡುತ್ತಾರೆ. ಇವರು ಮಾತ್ರ ದಿನವಿಡೀ ಯೋಚನೆ ಮಾಡಿ, ಸಂಜೆ ಬಂದು ತಮ್ಮ ಹಳೆಯ ನೀಲಿ ಸ್ವೆಟರಿನ ಒಂದು ತೋಳು ಕತ್ತರಿಸಿ, ಆ ಡಬ್ಬಿಯ ಮೂತಿಗೆ ತೊಡಿಸಿ, ದಾರದಿಂದ ಬಿಗಿದರು. ತಣ್ಣನೆಯ ಗಾಳಿ ನೇರವಾಗಿ ಒಳಗೆ ಹೋದರೆ ಗಾಡಿಗೆ ಶೀತವಾಗುತ್ತದಂತೆ. ಮರುದಿನ ಚೋಕ್ ಎಳೆದು ಒದ್ದಾಗ ಗಾಡಿ ಹೊರಟಿತು. ಚೋಕಿನಿಂದ ಹೊರಟಿತೋ ಬಿಸಿಲು ಬಂದದ್ದಕ್ಕೆ ಹೊರಟಿತೋ ದೇವರೇ ಬಲ್ಲ, ಇವರು ಸ್ವೆಟರಿನಿಂದ ಎಂದು ತೀರ್ಮಾನಿಸಿಬಿಟ್ಟರು. ಅಲ್ಲಿಂದಾಚೆ ವರ್ಷ ವರ್ಷವೂ ದೀಪಾವಳಿಯಿಂದ ಶಿವರಾತ್ರಿಯವರೆಗೆ ಗಾಡಿಗೆ ಆ ತೋಳು. ದೆಹಲಿಯಲ್ಲಿ ಅದರಿಂದ ಗಾಡಿಗೆ ತೊಂದರೆಯೇನೂ ಕಾಣಲಿಲ್ಲ, ಸ್ವಲ್ಪ ಪೆಟ್ರೋಲು ಹೆಚ್ಚು ಕುಡಿಯುತ್ತಿತ್ತು ಅಷ್ಟೆ.

ಇವರ ಎರಡನೆಯ ಗುಣ, ಕಥೆ ಹೇಳುವುದು. ಅದರಲ್ಲಿ ಇವರನ್ನು ಮೀರಿಸುವವರಿಲ್ಲ, ಒಪ್ಪುತ್ತೇನೆ. ಭಾನುವಾರ ಕನ್ನಡದವರು ನಾಲ್ಕು ಜನ ಮನೆಗೆ ಬಂದರೆ ಸಾಕು, ಇವರು ಗಂಟಲು ಸರಿಮಾಡಿಕೊಂಡು, ಎರಡೂ ಅಂಗೈಯಿಂದ ಮೊಣಕಾಲು ಉಜ್ಜಿಕೊಂಡು ಶುರುಮಾಡುತ್ತಾರೆ. ನಾನು ಅಡುಗೆಮನೆಯಲ್ಲಿ ಕಾಫಿ ಸೋಸುತ್ತಾ ಕೇಳಿಸಿಕೊಳ್ಳುತ್ತೇನೆ. ನನಗೆ ಮೈ ಉರಿಯುವುದು ಅಲ್ಲಿಯೇ. ಆಗ್ರಾದಲ್ಲಿ ಇವರ ಪರ್ಸು ಎಗರಿಸಿದವನ ಕಾಲರು ಹಿಡಿದು ಎಳೆದವಳು ನಾನು. ಇವರು ಆಗ ತಾಜಮಹಲಿನ ಫೋಟೋ ತೆಗೆಯುತ್ತಿದ್ದರು. ಮನೆಗೆ ಬಂದ ಮೇಲೆ ಕಥೆಯಲ್ಲಿ ಓಡಿದವರು ಇವರು, ಕಾಲರು ಹಿಡಿದವರು ಇವರು, ನಾನು ದೂರದಲ್ಲಿ ಕೈಚೀಲ ಹಿಡಿದು ಅಳುತ್ತಾ ನಿಂತಿದ್ದೆನಂತೆ. ಹರಿದ್ವಾರದಲ್ಲಿ ದಾರಿ ತಪ್ಪಿದಾಗ ಹರಕು ಮುರುಕು ಹಿಂದಿಯಲ್ಲಿ ಕೇಳಿ ಧರ್ಮಶಾಲೆ ಹುಡುಕಿದವಳೂ ನಾನೇ, ಆ ಕಥೆಯಲ್ಲಿ ನಾನು ಇಲ್ಲವೇ ಇಲ್ಲ. ಮೊದಮೊದಲು ಬಾಗಿಲಿಗೆ ಬಂದು ತಿದ್ದುತ್ತಿದ್ದೆ. ಇವರು ನಗುತ್ತಿದ್ದರು, ಬಂದವರೂ ನಕ್ಕು, ಅತ್ತಿಗೆಗೆ ಕೋಪ ಬಂತು ನೋಡಿ ಎನ್ನುತ್ತಿದ್ದರು. ಆಮೇಲೆ ತಿದ್ದುವುದು ಬಿಟ್ಟೆ.

ಇವರು ಸುಳ್ಳುಗಾರರಲ್ಲ. ಹೇಳುವಾಗ ತಾವು ಹೇಳಿದ್ದನ್ನೇ ನಂಬಿಬಿಡುತ್ತಾರೆ, ಅದೇ ಕಷ್ಟ. ಮದುವೆಯಾಗಿ ಇಷ್ಟು ವರ್ಷ ನಾನು ಕಂಡದ್ದು, ಮಾಡಿದ್ದು ಎಲ್ಲವೂ ಇವರ ಬಾಯಿಗೆ ಹೋಗಿ ಇವರದಾಗಿ ಹೊರಗೆ ಬಂದಿದೆ. ನನ್ನದು ಅಂತ ಒಂದು ಕಥೆ ಇರಲಿಲ್ಲ. ನನಗೆ ಬೇಕಿದ್ದದ್ದು ಅಷ್ಟೆ, ನಾನೇ ನೋಡಿದ್ದೊಂದನ್ನು ನಾನೇ ನನ್ನ ಬಾಯಿಂದ ಹೇಳಬೇಕು.

ಏನು ನೋಡಬೇಕೆಂಬುದೂ ತೀರ್ಮಾನವಾಗಿತ್ತು. ನಾನು ಹೊಸಪೇಟೆಯವಳು. ಬಂಡೆ, ಬಿಸಿಲು ಬೇಕಾದಷ್ಟು ನೋಡಿದ್ದೆ. ಮದುವೆಯ ಹೊಸದರಲ್ಲಿ ಇವರು, ದೆಹಲಿಯಿಂದ ಹಿಮಾಲಯ ಕೂಗಳತೆಯಲ್ಲಿದೆ, ನನ್ನ ಗಾಡಿಯ ಹಿಂದೆ ಕೂರಿಸಿಕೊಂಡು ಹೋಗಿ ಹಿಮ ತೋರಿಸ್ತೀನಿ ಎಂದಿದ್ದರು. ಆಗ ಇವರ ಹತ್ತಿರ ಗಾಡಿಯೂ ಇರಲಿಲ್ಲ, ಮಾತು ಮಾತ್ರ ಇತ್ತು. ಗಾಡಿ ಬಂದ ಮೇಲೆ ಪ್ರತಿ ಬೇಸಿಗೆಯೂ ಮುಂದಿನ ವರ್ಷ ಎಂಬ ಉತ್ತರ. ಒಂದು ವರ್ಷ ಬಜೆಟ್ ಅಧಿವೇಶನ, ಇನ್ನೊಂದು ವರ್ಷ ಮಗಳ ಪರೀಕ್ಷೆ, ಮತ್ತೊಂದು ವರ್ಷ ಇವರ ಕಾಲು.

ಕಾಲಿನ ವಿಷಯ ಹೇಳಲೇಬೇಕು. ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಇವರ ಕಾಲಿಗೆ ಪ್ಲಾಸ್ಟರು ಬಿದ್ದಾಗ ಮಗಳನ್ನು ಶಾಲೆಗೆ ಬಿಡುವವರಿರಲಿಲ್ಲ. ಆಗ ನನಗೆ ಗಾಡಿ ಹೊಡೆಯಲು ಕಲಿಸಿದರು. ನಮ್ಮ ಬ್ಲಾಕಿನ ಕಮಾನಿನ ಕೆಳಗೆ ಕುರ್ಚಿ ಹಾಕಿಸಿಕೊಂಡು, ಊರುಗೋಲು ಆಡಿಸುತ್ತಾ, ಕ್ಲಚ್ಚು ಕ್ಲಚ್ಚು ಎಂದು ಇಡೀ ಕಾಲೋನಿಗೆ ಕೇಳುವಂತೆ ಕೂಗಿದರು. ಸಲ್ವಾರ್ ಹಾಕಿಕೊಂಡು ಬೇವಿನ ಮರಗಳ ಕೆಳಗೆ ನಾಲ್ಕು ದಿನ ಸುತ್ತಿದೆ, ಬಂತು. ಲೈಸೆನ್ಸೂ ಆಯಿತು. ಆದರೆ ಕಾಲು ಸರಿಹೋದ ದಿನವೇ ಕೀಲಿ ಮತ್ತೆ ಇವರ ಜೇಬು ಸೇರಿತು. ಕಾಲೋನಿಯ ಒಳಗೆ ಹಾಲಿಗೆ, ತರಕಾರಿಗೆ ಬೇಕಾದರೆ ತೆಗೆದುಕೊಂಡು ಹೋಗು, ಮೇನ್ ರೋಡಿಗೆ ಮಾತ್ರ ಇಳಿಯಬೇಡ ಎಂದು ಕಟ್ಟುನಿಟ್ಟು ಮಾಡಿದರು.

ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಇವರಿಗೆ ಹೈದರಾಬಾದಿಗೆ ವರ್ಗವಾಯಿತು. ಆಗಸ್ಟಿನಲ್ಲಿ ಕ್ವಾರ್ಟರ್ಸು ಬಿಡಬೇಕು. ಇನ್ನು ಮುಂದಿನ ವರ್ಷ ಎಂಬುದೇ ಇಲ್ಲ. ಅವತ್ತು ಊಟಕ್ಕೆ ಬಡಿಸುತ್ತಾ ಹೇಳಿದೆ, ಹಿಮ ನೋಡದೆ ನಾನು ಈ ಊರು ಬಿಡುವುದಿಲ್ಲ, ನೀವು ಸಾಮಾನು ಕಟ್ಟಿಕೊಂಡು ಹೋಗಿ ಎಂದು. ಇವರು ಜೂನಿನಲ್ಲಿ ರಜೆ ಹಾಕಿದರು. ಮನಾಲಿಗೆ ಹೋಗಿ, ಅಲ್ಲಿಂದ ರೋಹ್ತಾಂಗ್ ಕಣಿವೆದಾರಿ ಹತ್ತುವುದು. ಅಲ್ಲಿ ಜೂನಿನಲ್ಲೂ ಹಿಮ ಇರುತ್ತದೆ. ಬಸ್ಸಿನಲ್ಲಿ ಹೋಗೋಣ ಎಂದರೆ ಕೇಳಲಿಲ್ಲ. ಆಫೀಸಿನಲ್ಲಿ ಆಗಲೇ ಎಲ್ಲರಿಗೂ ಗಾಡಿಯಲ್ಲಿ ಹೋಗುವ ಕಥೆ ಹೇಳಿಯಾಗಿತ್ತು, ಇನ್ನೂ ಹೋಗದೇ ಇರುವ ಕಥೆ.

ಹೊರಡುವ ಹಿಂದಿನ ದಿನ ಹೊರಗೆ ಬಂದು ನೋಡುತ್ತೇನೆ, ಲೂ ಗಾಳಿ ಮುಖ ಸುಡುತ್ತಿದೆ, ಕೂಲರಿನ ನೀರು ಕಾದು ಬಿಸಿಯಾಗಿದೆ, ಇವರು ಬೆವರು ಒರೆಸಿಕೊಳ್ಳುತ್ತಾ ಗಾಡಿಗೆ ಸ್ವೆಟರಿನ ತೋಳು ಕಟ್ಟುತ್ತಿದ್ದಾರೆ. ಮನಾಲಿಯಲ್ಲಿ ಚಳಿಯಂತೆ. ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದ ಲಾವಣ್ಯಾ ಹಣೆ ಚಚ್ಚಿಕೊಂಡಳು. ದೆಹಲಿಯಲ್ಲೇ ಬೆಳೆದವಳು, ಅವಳ ಕನ್ನಡದ ಅರ್ಧ ಹಿಂದಿ.

"ಪಪ್ಪಾ, ಊಪರ್ ಹವಾ ಕಮ್ ಹೋತೀ ಹೈ. ಪೆಟ್ರೋಲ್ ಇಲ್ಲಿ ಎಷ್ಟು ಬರತ್ತೋ ಅಲ್ಲೂ ಅಷ್ಟೇ ಬರತ್ತೆ, ಹವಾ ಮಾತ್ರ ಕಮ್ಮಿ. ಪೂರಾ ಉರಿಯೋದೇ ಇಲ್ಲ, ಪವರ್ ಹೋಗತ್ತೆ. ನೀವು ಅದರ ಮೂಗು ಬೇರೆ ಕಟ್ತಿದೀರಲ್ಲ."

ನಾನು ಅಡುಗೆಯವಳು, ನನಗೆ ಅದು ಕೂಡಲೇ ತಿಳಿಯಿತು. ಸ್ಟೋವಿಗೆ ಗಾಳಿ ಸಾಲದಿದ್ದರೆ ಉರಿ ಹಳದಿಯಾಗಿ ಪಾತ್ರೆಯ ತಳವೆಲ್ಲ ಮಸಿ ಹಿಡಿಯುತ್ತದೆ, ಅನ್ನ ಮಾತ್ರ ಬೇಯುವುದಿಲ್ಲ. ಇವರು ಮಗಳನ್ನು ನೋಡಿ ನಕ್ಕರು. ಈ ಗಾಡಿ ಅವಳಿಗಿಂತ ಚೆನ್ನಾಗಿ ತಮಗೆ ಗೊತ್ತು, ದೆಹಲಿಯ ಚಳಿ ತಡೆದ ಗಾಡಿಗೆ ಮನಾಲಿಯ ಚಳಿ ಯಾವ ಲೆಕ್ಕ ಎಂದರು. ಅವಳು ಹೇಳಿದ್ದು ಎತ್ತರದ ಮಾತು, ಇವರಿಗೆ ಕೇಳಿಸಿದ್ದು ಚಳಿಯ ಮಾತು. ಅಷ್ಟು ವರ್ಷ ದೆಹಲಿಯಲ್ಲಿದ್ದು ಇವರು ಕಲಿತದ್ದು ಚಳಿಯೊಂದೇ.

ಮಂಡಿ ದಾಟುವವರೆಗೆ ಗಾಡಿ ಚೆನ್ನಾಗಿಯೇ ಓಡಿತು. ಚಹಾ ಕುಡಿಯಲು ನಿಂತಲ್ಲೆಲ್ಲ ಇವರು ಅದರ ಟ್ಯಾಂಕು ತಟ್ಟಿ ನನ್ನ ಕಡೆ ನೋಡುತ್ತಿದ್ದರು. ಮನಾಲಿ ಸೇರುವಷ್ಟರಲ್ಲಿ ಏರಿನಲ್ಲಿ ಸ್ವಲ್ಪ ಮುಕ್ಕರಿಯತೊಡಗಿತ್ತು. ಗಾಡಿಗೆ ಸುಸ್ತಾಗಿದೆ, ಬೆಳಗ್ಗೆ ಸರಿಹೋಗುತ್ತದೆ ಎಂದರು. ಬೆಳಗ್ಗೆ ಹೋಟೆಲಿನ ಮುಂದೆ ಜೀಪುಗಳು ಸಾಲಾಗಿ ನಿಂತಿದ್ದವು, ಎಲ್ಲವೂ ರೋಹ್ತಾಂಗಿಗೆ. ಕೈಮುಗಿದು ಕೇಳಿದೆ, ಇವತ್ತೊಂದು ದಿನ ಜೀಪಿನಲ್ಲಿ ಹೋಗೋಣ, ಗಾಡಿಯ ಮೇಲೆ ಆಮೇಲೆ ಕೂತು ಫೋಟೋ ತೆಗೆಸಿಕೊಳ್ಳೋಣ ಎಂದು. ಆಫೀಸಿನಲ್ಲಿ ಏನು ಮುಖ ತೋರಿಸಲಿ ಎಂದು ಕೇಳಿದರು. ನನ್ನ ಮುಖ ಏನಾದರೂ ಪರವಾಗಿಲ್ಲ, ಇಂದುಶೇಖರರಿಗೆ ತೋರಿಸುವ ಇವರ ಮುಖ ಮಾತ್ರ ಬಾಡಬಾರದು. ಇಂದುಶೇಖರ ಇವರ ಪಕ್ಕದ ಮೇಜಿನವರು, ನಮ್ಮ ಮನೆಯ ಭಾನುವಾರದ ಕಾಫಿಯ ಖಾಯಂ ಗಿರಾಕಿ.

ಊರಿನ ಹೊರಗೆ ದಾರಿಯುದ್ದಕ್ಕೂ ತುಪ್ಪಳದ ಕೋಟುಗಳನ್ನು ಬಾಡಿಗೆಗೆ ಕೊಡುವ ಅಂಗಡಿಗಳು. ಒಬ್ಬೊಬ್ಬರು ಒಂದೊಂದು ಕೋಟು ಹಾಕಿಕೊಂಡೆವು. ಯಾರ್ಯಾರೋ ತೊಟ್ಟು ಬಿಟ್ಟ ಬೆವರಿನ ವಾಸನೆ, ಹಾಕಿಕೊಂಡರೆ ಗಂಡು ಯಾರು ಹೆಣ್ಣು ಯಾರು ತಿಳಿಯುವುದಿಲ್ಲ. ಅದರ ಭಾರವನ್ನೂ ಆ ಬಡಪಾಯಿ ಗಾಡಿಯೇ ಹೊರಬೇಕು. ಇವರು ಒಂದು ಕ್ವಿಂಟಾಲಿಗೆ ಚೂರು ಕಮ್ಮಿ. ನಾನು ಕೋಟು ಸಮೇತ ತೂಗಿದರೂ ಇವರ ಅರ್ಧ ದಾಟುವುದಿಲ್ಲ.

ಪೈನ್ ಮರಗಳು ಮುಗಿದು ಬೋಳು ಬೆಟ್ಟ ಶುರುವಾದ ಕಡೆ ಗಾಡಿ ಕೈಕೊಟ್ಟಿತು. ಪೂರ್ತಿ ನಿಲ್ಲಲಿಲ್ಲ, ನಿಂತಿದ್ದರೆ ಒಳ್ಳೆಯದಿತ್ತು, ಜೀಪು ಹತ್ತುತ್ತಿದ್ದೆವು. ಮೊದಲನೆಯ ಗೇರಿನಲ್ಲಿ ಕೊಸರುತ್ತಾ, ಹಿಂದಿನಿಂದ ಕಪ್ಪು ಹೊಗೆ ಕಾರುತ್ತಾ, ಎಕ್ಸಿಲರೇಟರು ಎಷ್ಟು ತಿರುವಿದರೂ ಗುರ್ ಎನ್ನುವುದು ಮಾತ್ರ, ಮುಂದೆ ಹೋಗುವುದಿಲ್ಲ. ಪೆಟ್ರೋಲಿನ ವಾಸನೆ ನನ್ನ ಕೋಟಿಗೆಲ್ಲ ಹತ್ತಿತು. ಲಾವಣ್ಯಾ ಹೇಳಿದ್ದು ಇದೇ ಕಣ್ರೀ, ಆ ತೋಳು ಬಿಚ್ಚಿ ಎಂದೆ. ಇವರು, ಥಂಡಿಗೆ ಹೀಗಾಗುತ್ತಿದೆ ಎಂದು ಚೋಕ್ ಎಳೆದರು. ಮೊದಲೇ ಗಾಳಿ ಸಾಲದೆ ಒದ್ದಾಡುತ್ತಿದ್ದ ಗಾಡಿಗೆ ಇದ್ದ ಗಾಳಿಯನ್ನೂ ತಪ್ಪಿಸಿ ಇನ್ನಷ್ಟು ಪೆಟ್ರೋಲು ಕುಡಿಸಿದಂತಾಯಿತು. ಅದು ಎರಡು ಸಲ ಕೆಮ್ಮಿ ಆರಿತು. ಮತ್ತೆ ಒದ್ದರು. ಒದ್ದು ಒದ್ದು ಇವರಿಗೇ ಉಸಿರು ಸಿಕ್ಕದಾಯಿತು. ಆಮೇಲೆ ನನ್ನ ಶಾಲು ಕೇಳಿದರು. ಏಕೆ ಎಂದರೆ, ಎಂಜಿನ್ನಿಗೆ ಸುತ್ತಲು.

ಆಗ ನಾನು ಬಾಯಿಗೆ ಬಂದಂತೆ ಬೈದೆ. ಶಾಲು ಕೊಡಲಿಲ್ಲ. ಇವರು, ಸರಿ, ನೀನು ಈ ಏರಿನಲ್ಲಿ ಇಳಿದು ನಡೆ, ಮೇಲಿನ ತಿರುವಿನಲ್ಲಿ ಕಾಯುತ್ತೇನೆ ಎಂದರು. ಇಳಿದೆ. ಇನ್ನೆರಡು ಒದೆಗೆ ಗಾಡಿ ಹತ್ತಿ, ಹೊಗೆ ಬಿಡುತ್ತಾ ಮುಂದೆ ಹೋಯಿತು. ನಾನು ಆ ಕೋಟು ಹೊತ್ತುಕೊಂಡು ಕೆಸರಿನಲ್ಲಿ ಹತ್ತಿದೆ. ನಾಲ್ಕು ಹೆಜ್ಜೆಗೆ ಎದೆ ಬಡಿದುಕೊಳ್ಳುತ್ತಿತ್ತು, ಬಾಯಿ ತೆರೆದು ಎಳೆದರೂ ಉಸಿರು ತುಂಬುತ್ತಿರಲಿಲ್ಲ. ತಿರುವಿಗೆ ಹೋಗಿ ಹತ್ತಿ ಕೂತರೆ ಸ್ವಲ್ಪ ದೂರಕ್ಕೆ ಮತ್ತೆ ಇಳಿ ಎನ್ನುತ್ತಾರೆ. ಹೀಗೇ ಇಳಿದೆ, ಹತ್ತಿದೆ, ಇಳಿದೆ. ದೆಹಲಿಯ ನಂಬರಿನ ಜೀಪುಗಳು ಹಾರ್ನು ಹೊಡೆದುಕೊಂಡು ಪಕ್ಕದಲ್ಲೇ ಹೋದವು. ಅವುಗಳ ಕಿಟಕಿಯಿಂದ ಮಕ್ಕಳು ನನಗೆ ಟಾಟಾ ಮಾಡಿದವು. ಕಣ್ಣಲ್ಲಿ ನೀರು ಬಂತು. ದುಃಖಕ್ಕಲ್ಲ, ಸಿಟ್ಟಿಗೆ.

ಅಂತೂ ಮಢಿ ಎಂಬ ಜಾಗಕ್ಕೆ ಬಂದೆವು. ನಾಲ್ಕಾರು ಢಾಬಾ, ಚಹಾದ ಡೇರೆಗಳು, ಸುತ್ತ ಮಂಜು. ಅಲ್ಲಿಂದ ತಲೆ ಎತ್ತಿದರೆ ರಸ್ತೆ ಬೆಟ್ಟದ ಮೈ ಮೇಲೆ ಸುತ್ತಿ ಸುತ್ತಿ ಹೋಗಿರುವುದು ಕಾಣುತ್ತದೆ, ಅದರ ತುದಿಯಲ್ಲಿ ಬೆಳ್ಳಗೆ ಒಂದು ಗೆರೆ. ಅದೇ ಹಿಮ. ಅಷ್ಟು ದೂರ ಬಂದು, ಕಣ್ಣಿಗೆ ಕಾಣುವಲ್ಲಿ ನಿಂತಿದ್ದೆ. ಕೈ ತೋರಿಸಿದ ಜೀಪುಗಳೆಲ್ಲ ತುಂಬಿದ್ದವು, ಒಂದೂ ನಿಲ್ಲಲಿಲ್ಲ. ಚಹಾದ ಭಯ್ಯಾ ನಮ್ಮ ಗಾಡಿಯ ಹೊಗೆ ನೋಡಿ, ಮೇಲಿನ ದಾರಿ ಇನ್ನೂ ಕಡಿದು, ಇಬ್ಬರನ್ನು ಇದು ಎಳೆಯುವುದಿಲ್ಲ, ಒಬ್ಬರಾದರೆ ಹೋಗಬಹುದು ಎಂದ.

ಇವರು ಆ ಮಾತು ಕೇಳಿ ಚಹಾದ ಲೋಟ ಕೆಳಗಿಟ್ಟರು. "ಒಂದ್ಕೆಲ್ಸ ಮಾಡು ಅಹಲ್ಯಾ. ನೀನು ಇಲ್ಲೇ ಬೆಚ್ಚಗೆ ಕೂತಿರು. ನಾನು ಮೇಲೆ ಹೋಗಿ ನೋಡ್ಕೊಂಡು ಬಂದು, ಎಲ್ಲಾ ಹೇಳ್ತೀನಿ."

ನೋಡಿ, ಇವರಿಗೆ ಅದು ತಪ್ಪು ಎಂದು ಅನ್ನಿಸಲೇ ಇಲ್ಲ. ಕೇಡಿನ ಮನಸ್ಸು ಸ್ವಲ್ಪವೂ ಇಲ್ಲ. ಒಬ್ಬರು ಹೋಗಬಹುದು ಎಂದರೆ ಆ ಒಬ್ಬರು ತಾವೇ, ನೋಡುವುದು ತಾವು, ಹೇಳುವುದು ತಾವು, ಕೇಳುವುದು ನಾನು. ನನ್ನ ಉತ್ತರಕ್ಕೂ ಕಾಯದೆ ಇವರು ಕೆಂಪು ಹೆಲ್ಮೆಟ್ಟು ಹಾಕಿಕೊಂಡು ಹೊರಟೇಬಿಟ್ಟರು. ಡೇರೆಯ ಬೆಂಚಿನ ಮೇಲೆ ಕೂತು ನೋಡಿದೆ. ಗಾಡಿ ಮೊದಲ ತಿರುವಿಗೆ ಹೋಯಿತು. ಎರಡನೆಯದಕ್ಕೆ ಹೋಗುವಷ್ಟರಲ್ಲಿ ಹೊಗೆ ದಟ್ಟವಾಯಿತು, ಇವರು ಎರಡೂ ಕಾಲು ನೆಲಕ್ಕೆ ಊರಿ ಒತ್ತುತ್ತಿದ್ದದ್ದು ಕಂಡಿತು. ಆಮೇಲೆ ಸದ್ದು ನಿಂತಿತು. ಎಂಜಿನ್ನು ಆರಿಸಿಕೊಂಡು, ಇಳಿಜಾರಿನಲ್ಲಿ ಹಾಗೇ ಉರುಳಿಕೊಂಡು ವಾಪಸು ಬಂದರು.

ಮುಖ ಬಾಡಿ ಇಷ್ಟಾಗಿತ್ತು. ಬೆಂಚಿನ ಮೇಲೆ ಕುಸಿದು, ಆಗಲಿಲ್ಲ ಕಣೇ, ವಾಪಸು ಹೋಗೋಣ, ಹಿಮ ದೂರದಿಂದ ಕಂಡಿತಲ್ಲ, ಅದೂ ನೋಡಿದ ಹಾಗೇ ಎಂದರು. ಆ ಮಾತಿಗೆ ನಾನು ಬೆಂಚಿನಿಂದ ಎದ್ದೆ.

"ಕೀಲಿ ಕೊಡಿ."

ಯಾಕೆ ಎಂದರು. ನಾನು ನಿಮ್ಮ ಅರ್ಧ ತೂಕ, ನನ್ನನ್ನು ಅದು ಎಳೆಯುತ್ತದೆ ಎಂದೆ. ಇವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಹೆದರಿದರು. ಕೆಸರಿದೆ, ಪ್ರಪಾತವಿದೆ, ಲಾರಿಗಳಿವೆ, ನಿನಗೆ ಮೇನ್ ರೋಡಿನ ಅಭ್ಯಾಸವೇ ಇಲ್ಲ ಎಂದರು.

"ಅಭ್ಯಾಸ ಇಲ್ದೆ ಇರೋ ಹಾಗೆ ಮಾಡಿದ್ದು ಯಾರು? ಇಷ್ಟು ವರ್ಷ ಹಿಂದೆ ಕೂತು ನೀವು ತೋರಿಸಿದ್ದೇ ನೋಡಿದೀನಿ. ಇವತ್ತು ತೋರಿಸಕ್ಕೆ ನಿಮ್ಮ ಕೈಲಾಗಲ್ಲ. ನಾನೇ ಹೋಗಿ ನೋಡ್ತೀನಿ. ಕೊಡಿ."

ಹೇಳಿ ಕೈ ಚಾಚಿದವಳು ಮಡಚಲಿಲ್ಲ. ಇವರು ಕೀಲಿ ಕೊಟ್ಟರು.

ಮೊದಲು ಪಕ್ಕದ ಮುಚ್ಚಳ ತೆಗೆದೆ. ಆ ನೀಲಿ ತೋಳು ಧೂಳು ಎಣ್ಣೆ ಕುಡಿದು ಕಂಬಳಿಯಷ್ಟು ದಪ್ಪವಾಗಿತ್ತು. ದಾರ ಕಿತ್ತು, ಎಳೆದು, ಇವರ ಕೈಗೆ ಕೊಟ್ಟೆ. ಚಳಿಯಾದರೆ ಹಾಕಿಕೊಳ್ಳಿ ಎಂದೆ. ಚೋಕು ಪೂರ್ತಿ ಕೆಳಗೆ ತಳ್ಳಿದೆ. ಪ್ಲಗ್ಗು ಬಿಚ್ಚಿ ಇವರ ಕೈಗೆ ಕೊಟ್ಟೆ, ಅದು ಕಾಡಿಗೆಯ ಹಾಗೆ ಕಪ್ಪಾಗಿತ್ತು. ಇವರು ಕರವಸ್ತ್ರದಿಂದ ಉಜ್ಜಿ, ಮತ್ತೆ ಕೂರಿಸಿದರು. ಆಮೇಲೆ ತಮ್ಮ ಹೆಲ್ಮೆಟ್ಟನ್ನು ನನ್ನ ತಲೆಗೆ ಹಾಕಿ ಗಲ್ಲದ ಪಟ್ಟಿ ಬಿಗಿದರು. ನಾನು ಹತ್ತಿ ಕೂತೆ. ಒದ್ದೆ. ಮೂರನೆಯ ಒದೆಗೆ ಎಂಜಿನ್ನು ಹತ್ತಿತು. ಮೊದಲು ಕಪ್ಪು ಹೊಗೆ ಬುಸ್ಸೆಂದು ಬಂದು, ನೋಡನೋಡುತ್ತಾ ತೆಳುವಾಯಿತು. ಹೊರಟೆ. ಹಿಂದಿನಿಂದ ಇವರು, ಅರ್ಧ ಕ್ಲಚ್ಚಿನಲ್ಲಿ ಬಹಳ ಹೊತ್ತು ಇಡಬೇಡ ಎಂದು ಕೂಗಿದ್ದು ಕೇಳಿಸಿತು.

ಗಾಡಿ ಓಡಿತು ಎಂದು ಹೇಳಲಾರೆ, ತೆವಳಿತು. ದೆಹಲಿಯಲ್ಲಿ ನಾಲ್ಕನೆಯ ಗೇರಿನಲ್ಲಿ ಹಾರುವ ಗಾಡಿ ಇಲ್ಲಿ ಮೊದಲನೆಯದರಲ್ಲೇ, ಹೆಚ್ಚೆಂದರೆ ಎರಡನೆಯದರಲ್ಲಿ, ಮುದುಕರು ಮೆಟ್ಟಿಲು ಹತ್ತುವ ಹಾಗೆ ಹತ್ತಿತು. ಆದರೆ ನಿಲ್ಲಲಿಲ್ಲ. ಅದಕ್ಕೂ ಉಸಿರಿಲ್ಲ, ನನಗೂ ಇಲ್ಲ. ನನಗೆ ಅದರ ಮೇಲೆ ಕೋಪ ಹೋಯಿತು. ಪಾಪ, ಕಮ್ಮಿ ಗಾಳಿಯಲ್ಲಿ ತನ್ನ ಕೈಲಾದಷ್ಟು ಮಾಡುತ್ತಿತ್ತು. ಒಂದು ಕಡೆ ಹಿಮ ಕರಗಿದ ನೀರು ರಸ್ತೆಯ ಮೇಲೆ ಹರಿಯುತ್ತಿತ್ತು, ಚಕ್ರ ಜಾರಿತು. ಕಾಲು ಊರಿ, ಹಲ್ಲು ಕಚ್ಚಿ ದಾಟಿದೆ. ಎದುರಿಗೆ ಬಂದ ಮಿಲಿಟರಿ ಲಾರಿಯವರು ಬದಿಗೆ ನಿಂತು ದಾರಿ ಬಿಟ್ಟರು.

ತುದಿ ಮುಟ್ಟಿದೆ. ನಿಜ ಹೇಳಲೇ? ಮೊದಲು ನಿರಾಶೆಯಾಯಿತು. ಜೀಪುಗಳ ಸಂತೆ, ಮೆಕ್ಕೆಜೋಳ ಸುಡುವವರು, ಕುದುರೆಯವರು, ತುಳಿದು ತುಳಿದು ರಾಡಿಯಾದ ಹಿಮ, ಅದರ ಮೇಲೆ ಚಿಪ್ಸಿನ ಖಾಲಿ ಕವರುಗಳು. ಇದಕ್ಕಾ ಇಷ್ಟು ವರ್ಷ ಎಂದುಕೊಂಡೆ. ಗಾಡಿಯನ್ನು ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿ, ಜನ ಇಲ್ಲದ ಕಡೆಗೆ ನಡೆದೆ. ಅಲ್ಲಿ ಹಿಮ ಯಾರೂ ಮುಟ್ಟದೆ ಹಾಗೇ ಬಿದ್ದಿತ್ತು. ಕಾಲಿಟ್ಟರೆ ಮೊಣಕಾಲವರೆಗೆ ಇಳಿಯಿತು. ಕೈಗೆ ತೆಗೆದುಕೊಂಡೆ. ಬೆಳ್ಳಗಿರುತ್ತದೆ ಅಂದುಕೊಂಡಿದ್ದೆ, ತೋಡಿದ ಗುಳಿಯ ಒಳಗೆ ತೆಳುವಾದ ನೀಲಿ ಇತ್ತು. ಅದನ್ನು ಯಾರೂ ನನಗೆ ಹೇಳಿರಲಿಲ್ಲ. ಸದ್ದೂ ಇರಲಿಲ್ಲ, ನನ್ನ ಎದೆಯ ಬಡಿತ ಮಾತ್ರ ಕೇಳುತ್ತಿತ್ತು. ಸಾಕಷ್ಟು ಹೊತ್ತು ಅಲ್ಲೇ ಕೂತೆ. ಇದನ್ನು ಯಾರಿಗಾದರೂ ಹೇಳಬೇಕು ಅನ್ನಿಸಿತು. ಮೊದಲು ನೆನಪಾದವರು ಇವರೇ. ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಕೆಳಗೆ ಬಂದರೆ ಇವರು ಡೇರೆಯಲ್ಲಿ ಮೂರು ಜನ ಪಂಜಾಬಿಗಳನ್ನು ಕೂರಿಸಿಕೊಂಡು ಎತ್ತರದಲ್ಲಿ ಗಾಡಿ ಹೊಡೆಯುವುದು ಹೇಗೆಂದು ಹಿಂದಿಯಲ್ಲಿ ಹೇಳುತ್ತಿದ್ದರು. ನನ್ನನ್ನು ಕಂಡು ನಿಲ್ಲಿಸಿದರು. ಆ ಸ್ವೆಟರಿನ ತೋಳು ಇನ್ನೂ ಕೈಯಲ್ಲೇ ಇತ್ತು. ಹೇಗಿತ್ತು ಎಂದು ಕೇಳಿದರು. ನಾನು ಹೇಳಲಿಲ್ಲ. ಹೇಳಿದರೆ ಮನಾಲಿ ಸೇರುವಷ್ಟರಲ್ಲಿ ಅದು ಇವರದಾಗುತ್ತದೆ. ದೆಹಲಿಯವರೆಗೂ ಇವರು ಎಷ್ಟೋ ಸಲ ಕೇಳಿದರು. ಬಾಯಿಗೆ ಬೀಗ ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಕೂತು ಬಂದೆ. ಕೆಳಗೆ ಇಳಿದಂತೆ ಗಾಡಿಗೆ ಗಾಳಿ ಸಿಕ್ಕಿತು. ಅಂಬಾಲಾ ದಾಟಿದ ಮೇಲೆ ನಮ್ಮಿಬ್ಬರನ್ನೂ ಹೊತ್ತು ಏನೂ ಆಗದ ಹಾಗೆ ಓಡಿತು.

ಮುಂದಿನ ಭಾನುವಾರ ಇಂದುಶೇಖರ ಮತ್ತು ಅವರ ಹೆಂಡತಿ ಶೈಲಜಾ ಬಂದರು. ಅಷ್ಟರಲ್ಲಿ ಮಾರ್ಕೆಟ್ಟಿನ ಸ್ಟುಡಿಯೋದಿಂದ ಫೋಟೋಗಳೂ ತೊಳೆದು ಬಂದಿದ್ದವು. ನಾನಿನ್ನೂ ಅವನ್ನು ನೋಡಿರಲಿಲ್ಲ. ಎಂದಿನಂತೆ ಅವರೆಲ್ಲ ಹೊರಗಿನ ಕೋಣೆಯಲ್ಲಿ, ನಾನು ಅಡುಗೆಮನೆಯಲ್ಲಿ. ಕಾಫಿಯ ತಟ್ಟೆ ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ ಇಂದುಶೇಖರ ಒಂದು ಫೋಟೋ ಎತ್ತಿ ಹಿಡಿದಿದ್ದರು. ದೂರದಿಂದಲೇ ಕಂಡಿತು. ಬೆಟ್ಟದ ತಿರುವು, ನಮ್ಮ ಗಾಡಿ, ಅದರ ಮೇಲೆ ಬೆನ್ನು ತಿರುಗಿಸಿ ಕೂತ ತುಪ್ಪಳದ ಕೋಟು, ಕೆಂಪು ಹೆಲ್ಮೆಟ್ಟು, ಮೇಲೆ ಬಿಳಿಯ ಗೆರೆ. ನಾನು ಹೊರಟಾಗ ಇವರು ಹಿಂದಿನಿಂದ ತೆಗೆದದ್ದು. ನನಗೆ ಗೊತ್ತೇ ಇರಲಿಲ್ಲ.

"ಭಲೇ ಅನಂತರಾಮ," ಎಂದರು ಇಂದುಶೇಖರ. "ಈ ವಯಸ್ಸಲ್ಲಿ ಒಬ್ಬನೇ ರೋಹ್ತಾಂಗ್ ಹತ್ತಿದೀಯಲ್ಲೋ. ನಿನ್ನ ಹೆಲ್ಮೆಟ್ ನೋಡೇ ಗುರುತು ಹಿಡಿದೆ. ಎಲ್ಲಿ, ಶುರುಮಾಡು."

ನಾನು ಬಾಗಿಲಲ್ಲೇ ನಿಂತೆ. ಮುಖ ಕಾಣುವುದಿಲ್ಲ, ಕೋಟಿನಲ್ಲಿ ಗಂಡೋ ಹೆಣ್ಣೋ ತಿಳಿಯುವುದಿಲ್ಲ, ಹೆಲ್ಮೆಟ್ಟು ಇಡೀ ಆಫೀಸಿಗೆ ಗೊತ್ತಿರುವುದು. ಇವರು ಸುಳ್ಳು ಹೇಳಲೂ ಬೇಕಿಲ್ಲ, ಸುಮ್ಮನೆ ಹೂಂ ಎಂದರೆ ಸಾಕು. ಇವರು ಫೋಟೋ ಕೈಗೆ ತೆಗೆದುಕೊಂಡರು. ಗಂಟಲು ಸರಿಮಾಡಿಕೊಂಡರು. ಎರಡೂ ಅಂಗೈಯಿಂದ ಮೊಣಕಾಲು ಉಜ್ಜಿಕೊಂಡರು. ಹೋಯಿತು, ಇದೂ ಹೋಯಿತು ಎಂದುಕೊಂಡೆ. ತಟ್ಟೆಯಲ್ಲಿ ಲೋಟಗಳು ಒಂದಕ್ಕೊಂದು ತಾಗಿ ಸದ್ದಾಯಿತು.

ಇವರು ತಲೆ ಎತ್ತಿ ನನ್ನನ್ನು ನೋಡಿದರು.

"ಅದು ನಾನಲ್ಲ," ಎಂದರು. "ಅಹಲ್ಯಾ. ನಾನು ಕೆಳಗೇ ನಿಂತಿದ್ದೆ. ಫೋಟೋ ತೆಗೆದವನು ನಾನು."

ಇಂದುಶೇಖರ ತಮಾಷೆ ಎಂದುಕೊಂಡು ಜೋರಾಗಿ ನಕ್ಕರು. ಶೈಲಜಾ ಕೂಡ ನಕ್ಕರು. ಇವರು ನಗಲಿಲ್ಲ. ಎದ್ದು ಬಂದು ನನ್ನ ಕೈಯಿಂದ ತಟ್ಟೆ ತೆಗೆದುಕೊಂಡರು. ಕುರ್ಚಿಯ ಕಡೆ ಗಲ್ಲ ಆಡಿಸಿ, ಅಲ್ಲಿ ಕೂತ್ಕೋ, ಮೇಲೆ ಏನಿತ್ತು ಅಂತ ನೀನೇ ಹೇಳು, ನನಗೂ ಇನ್ನೂ ಗೊತ್ತಿಲ್ಲ ಎಂದರು. ಆಮೇಲೆ ಕಾಫಿ ಹಂಚಿದರು. ಅರ್ಧ ತಟ್ಟೆಗೇ ಚೆಲ್ಲಿತು. ನಗುತ್ತಿದ್ದವರು ನಿಲ್ಲಿಸಿ ಒಮ್ಮೆ ಇವರ ಮುಖ, ಒಮ್ಮೆ ನನ್ನ ಮುಖ ನೋಡಿದರು.

ನಾನು ಇವರ ಕುರ್ಚಿಯಲ್ಲಿ ಕೂತೆ. ಇವರು ಬಾಗಿಲ ಹತ್ತಿರ, ನಾನು ಯಾವಾಗಲೂ ನಿಲ್ಲುವ ಜಾಗದಲ್ಲಿ ನಿಂತರು. ಗಂಟಲು ಸರಿಮಾಡಿಕೊಂಡು, ಆ ಸುಡುಗಾಡು ಸ್ವೆಟರಿನ ತೋಳಿನಿಂದಲೇ ಶುರುಮಾಡಿದೆ.